ಒಳಬಂದದ್ದು ಎತ್ತ ಹೋಗಬೇಕು? ಜೀವಕೋಶದ ಸರಕು ವಿಂಗಡಿಸುವ ಪ್ರೋಟೀನ್ ಕೂಟಗಳು

ಸಿದ್ದಾಪುರ, ಹೊನ್ನಾವರದ ಕಾಡಂಚಿನ ಊರುಗಳಲ್ಲಿ ಡಿಸೆಂಬರ್ ಬಂತೆಂದರೆ ಮಂಗನ ಕಾಯಿಲೆಯ ಎಚ್ಚರಿಕೆ ಶುರುವಾಗುತ್ತದೆ. ದರಕು ಗುಡಿಸಲು, ಸೊಪ್ಪು ತರಲು ಹೋದವರಿಗೆ ಉಣುಗು ಕಚ್ಚಿದರೆ ಅದರ ಎಂಜಲಿನ ಜೊತೆ ವೈರಸ್ ಮೈಸೇರಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ವೈರಸ್ ಡೆಂಗಿ ವೈರಸ್ಸಿನ ಕುಟುಂಬಕ್ಕೇ ಸೇರಿದ ಫ್ಲಾವಿವೈರಸ್. ವ್ಯಾಸ ಸುಮಾರು 50 ನ್ಯಾನೋಮೀಟರ್. ಈ ಗುಂಪಿನ ವೈರಸ್‌ಗಳು ಸಾಮಾನ್ಯವಾಗಿ ಕೋಶದ ಪೊರೆಯನ್ನು ತೂತು ಮಾಡಿ ನುಗ್ಗುವುದಿಲ್ಲ. ಕೋಶ ತನ್ನ ಕಬ್ಬಿಣ, ಕೊಲೆಸ್ಟರಾಲ್‌ಗಳನ್ನು ಒಳಗೆ ತಂದುಕೊಳ್ಳುವ ದಾರಿಯಲ್ಲೇ ಒಳಹೋಗುತ್ತವೆ. ಒಳಗೆ ಹೋದ ಗುಳ್ಳೆ ಆಮ್ಲೀಯವಾಗುತ್ತ ಪಿಎಚ್ ಸುಮಾರು 6.5ಕ್ಕೆ ಇಳಿದಾಗ, ವೈರಸ್ಸಿನ ಮೈಮೇಲೆ ಎರಡೆರಡಾಗಿ ಮಲಗಿದ್ದ 180 ಇ-ಪ್ರೋಟೀನ್‌ಗಳು ಎದ್ದು ಮೂರುಮೂರಾಗಿ ಕೂಡುತ್ತವೆ. ಆಗ ವೈರಸ್ಸಿನ ಪೊರೆಯೂ ಗುಳ್ಳೆಯ ಪೊರೆಯೂ ಬೆಸೆದು ಆರ್‌ಎನ್‌ಎ ಹೊರಬೀಳುತ್ತದೆ. ಮುಂದೆ ಹೊಸ ವೈರಸ್‌ಗಳು ಕೋಶದಿಂದ ಹೊರಡುವಾಗಲೂ ಹೀಗೆಯೇ. ಪ್ರೋಟೀನ್‌ಗಳು ಹಾದುಹೋಗುವ ಗಾಲ್ಜಿ ಎಂಬ ಕೋಶಭಾಗದ ಹೊರಬಾಗಿಲಲ್ಲಿ ಫ್ಯೂರಿನ್ ಎಂಬ ಕಿಣ್ವ ಅವುಗಳ ಒಂದು ಪ್ರೋಟೀನನ್ನು ಕತ್ತರಿಸಬೇಕು. ಕತ್ತರಿಸದಿದ್ದರೆ ಆ ವೈರಸ್ ಬಲಿಯದ ಕಾಯಿ, ಇನ್ನೊಂದು ಕೋಶಕ್ಕೆ ಸೋಂಕು ತಗಲಿಸಲಾರದು.

ಎರಡೂ ಕಡೆ ವೈರಸ್ ನೆಚ್ಚಿಕೊಂಡಿರುವುದು ಒಂದೇ ಸಂಗತಿಯನ್ನು: ಕೋಶದೊಳಗೆ ಯಾವ ಪ್ರೋಟೀನ್ ಎಲ್ಲಿರಬೇಕೋ ಅಲ್ಲೇ ಸಿಗುತ್ತದೆ ಎಂಬುದನ್ನು. ಆದರೆ ಫ್ಯೂರಿನ್ ಗಾಲ್ಜಿಯಲ್ಲಿ ಗೂಟಕ್ಕೆ ಕಟ್ಟಿ ಹಾಕಿದಂತೆ ಕೂತಿರುವುದಿಲ್ಲ. ಅದು ಕೋಶದ ಮೇಲ್ಮೈಗೆ ಹೋಗುತ್ತದೆ, ಒಳಕ್ಕೆ ಬರುತ್ತದೆ, ಮತ್ತೆ ಗಾಲ್ಜಿಗೆ ಮರಳುತ್ತದೆ. ಅದು 'ಗಾಲ್ಜಿಯ ಕಿಣ್ವ' ಅನ್ನಿಸಿಕೊಳ್ಳುವುದು ಸುತ್ತಾಟದ ಹೆಚ್ಚು ಹೊತ್ತು ಅಲ್ಲಿ ಕಳೆಯುವುದರಿಂದ. ಪಠ್ಯಪುಸ್ತಕದ ಚಿತ್ರದಲ್ಲಿ ಬಾಣಗಳು ಈ ಪ್ರೋಟೀನ್‌ಗಳು ತಯಾರಾಗುವ ಇಆರ್‌ನಿಂದ ಗಾಲ್ಜಿಗೆ, ಗಾಲ್ಜಿಯಿಂದ ಮೇಲ್ಮೈಗೆ ಒಂದೇ ದಿಕ್ಕಿನಲ್ಲಿ ಇರುತ್ತವೆ. ನಿಜವಾದ ಕೆಲಸದ ದೊಡ್ಡ ಪಾಲು ಹಿಮ್ಮುಖ ಸಾಗಣೆ. ಯಾವುದು ವಾಪಸಾಗಬೇಕು, ಯಾವುದು ಅರಗಿಹೋಗಬೇಕು ಎಂದು ಬೇರ್ಪಡಿಸುವುದು ಕೆಲವೇ ಪ್ರೋಟೀನ್ ಕೂಟಗಳು. ಆ ತೀರ್ಮಾನ ಯಾವ ಒಂದು ಪ್ರೋಟೀನಿನ ಕೈಯಲ್ಲೂ ಇಲ್ಲ. ಹಲವು ದುರ್ಬಲ ಹಿಡಿತಗಳು ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಸೇರಿದಾಗ ಮಾತ್ರ ಅದು ಆಗುತ್ತದೆ. ಈ ಒಂದು ಮಾತು ಹಿಡಿತಕ್ಕೆ ಸಿಕ್ಕರೆ ಉಳಿದ ಹೆಸರುಗಳ ಗೊಂಡಾರಣ್ಯದಲ್ಲಿ ದಾರಿ ತಪ್ಪುವುದಿಲ್ಲ.

ಮೊದಲು ಜಾಗಗಳ ಪರಿಚಯ. ಹೊರಗೆ ಹೋಗಬೇಕಾದ, ಪೊರೆಯಲ್ಲಿ ಕೂರಬೇಕಾದ ಪ್ರೋಟೀನ್‌ಗಳು ತಯಾರಾಗುವುದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂನಲ್ಲಿ, ಅಂದರೆ ಇಆರ್‌ನಲ್ಲಿ. ಅಲ್ಲಿಂದ ಗಾಲ್ಜಿ. ಗಾಲ್ಜಿಯ ಹೊರತುದಿಯಿಂದ ಮೇಲ್ಮೈಗೆ ಅಥವಾ ಎಂಡೋಸೋಮ್‌ಗೆ. ಎಂಡೋಸೋಮ್ ಎಂದರೆ ಹೊರಗಿನಿಂದ ಬಂದದ್ದೂ ಒಳಗಿನಿಂದ ಬಂದದ್ದೂ ಸಂಧಿಸುವ ಪೊರೆಯ ಚೀಲ. ಕೊನೆಯದು ಲೈಸೋಸೋಮ್, ಅರಗಿಸುವ ಜಾಗ. ಈ ದಾರಿಯುದ್ದಕ್ಕೂ ಆಮ್ಲೀಯತೆ ಹೆಚ್ಚುತ್ತ ಹೋಗುತ್ತದೆ: ಇಆರ್‌ನಲ್ಲಿ ಪಿಎಚ್ 7.2ರ ಆಸುಪಾಸು, ಗಾಲ್ಜಿಯ ಹೊರತುದಿಯಲ್ಲಿ 6, ಎಳೆಯ ಎಂಡೋಸೋಮ್‌ನಲ್ಲಿ 6ರಿಂದ 6.5, ಬಲಿತದ್ದರಲ್ಲಿ 5.5, ಲೈಸೋಸೋಮ್‌ನಲ್ಲಿ 4.5ರಿಂದ 5. ಸಾಗಾಟ ಎಷ್ಟು ಬಿರುಸಿನದು ಎಂದರೆ, ಮ್ಯಾಕ್ರೋಫೇಜ್ ಎಂಬ ಬಿಳಿ ರಕ್ತಕೋಶ ತನ್ನ ಮೇಲ್ಮೈಯಷ್ಟು ಪೊರೆಯನ್ನು ಸುಮಾರು ಅರ್ಧ ಗಂಟೆಯಲ್ಲಿ ಒಳಗೆಳೆದುಕೊಳ್ಳುತ್ತದೆ. ಅಷ್ಟನ್ನೂ ವಾಪಸು ಕಳಿಸದಿದ್ದರೆ ಕೋಶ ಉಳಿಯಲಾರದು.

ಶಿರಸಿಯ ಅಡಿಕೆ ವಖಾರಿಯಲ್ಲಿ ರಾಶಿ, ಬೆಟ್ಟೆ, ಕೆಂಪುಗೋಟು, ಚಾಲಿ ಎಂದು ಬೇರೆ ಮಾಡುವವರಿಗೆ ಕಣ್ಣಿದೆ, ಅನುಭವವಿದೆ. ಕಾಯಿ ಸುಮ್ಮನೆ ಬಿದ್ದಿರುತ್ತದೆ, ವಿಂಗಡಿಸುವವರು ಆರಿಸುತ್ತಾರೆ. ಕೋಶದಲ್ಲಿ ಈ ಚಿತ್ರ ಅರ್ಧ ಮಾತ್ರ ಹೊಂದುತ್ತದೆ, ಹೊಂದದ ಅರ್ಧವೇ ಮುಖ್ಯ. ಅಲ್ಲಿ ನೋಡುವ ಕಣ್ಣಿಲ್ಲ. ಸರಕಿನ ಮೈಮೇಲಿನ ಗುರುತು, ಪೊರೆಯ ಕೊಬ್ಬಿನ ಬಗೆ, ಆ ಹೊತ್ತಿಗೆ ಚಾಲೂ ಇರುವ ಸ್ವಿಚ್ ಪ್ರೋಟೀನ್, ಇವು ಮೂರೂ ಸೇರಿ ವಿಂಗಡಿಸುವ ಕೂಟವನ್ನೇ ಅಲ್ಲಿಗೆ ಕಟ್ಟಿ ತರುತ್ತವೆ. ಸರಕು ಇಲ್ಲದಿದ್ದರೆ ಕೂಟ ಬಹುಪಾಲು ಕೋಶರಸದಲ್ಲಿ ಚದುರಿಕೊಂಡಿರುತ್ತದೆ.

ಬಾಲದ ಗುರುತು

ಪೊರೆಯಲ್ಲಿ ಕೂತ ಪ್ರೋಟೀನಿನ ಒಂದು ತುದಿ ಕೋಶರಸದ ಕಡೆಗೆ ಚಾಚಿರುತ್ತದೆ. ಇದಕ್ಕೆ ಬಾಲ ಎನ್ನುತ್ತಾರೆ. ಬಾಲದಲ್ಲಿರುವ ನಾಲ್ಕರಿಂದ ಆರು ಅಮೈನೋ ಆಮ್ಲಗಳ ಸಾಲು ಸರಕಿನ ಗುರುತು. ಎಪಿ-2 ಎಂಬ ಕೂಟ ಮೇಲ್ಮೈಯಲ್ಲಿ ಎರಡು ಬಗೆಯ ಸಾಲುಗಳನ್ನು ಹಿಡಿಯುತ್ತದೆ. ಒಂದರಲ್ಲಿ ಟೈರೋಸಿನ್, ನಡುವೆ ಯಾವುದಾದರೂ ಎರಡು, ಆಮೇಲೆ ಲ್ಯೂಸಿನ್‌ನಂಥ ದಪ್ಪನೆಯ ಜಿಡ್ಡು ಅಮೈನೋ ಆಮ್ಲ. ಇನ್ನೊಂದರಲ್ಲಿ ಆಮ್ಲೀಯವಾದ ಒಂದು, ನಡುವೆ ಮೂರು, ಕೊನೆಗೆ ಎರಡು ಲ್ಯೂಸಿನ್. ಎಪಿ-2ರಲ್ಲಿ ನಾಲ್ಕು ಭಾಗಗಳಿವೆ: ತಲಾ 100 ಕಿಲೋಡಾಲ್ಟನ್ನಿನ (ಇದು ಪ್ರೋಟೀನಿನ ತೂಕದ ಅಳತೆ) ಆಸುಪಾಸಿನ ಆಲ್ಫಾ ಮತ್ತು ಬೀಟಾ-2, ಸುಮಾರು 50ರ ಮ್ಯೂ-2, 20ಕ್ಕಿಂತ ಕಡಿಮೆಯ ಸಿಗ್ಮಾ-2. ಕೋಶರಸದಲ್ಲಿ ಇದು ಮಡಚಿಕೊಂಡಿರುತ್ತದೆ, ಸರಕು ಹಿಡಿಯುವ ಎರಡೂ ಜಾಗ ಮುಚ್ಚಿರುತ್ತವೆ. ಮೇಲ್ಮೈ ಪೊರೆಯಲ್ಲಿ ಹೇರಳವಾಗಿರುವ ಪಿಐಪಿ-2 ಎಂಬ ಕೊಬ್ಬಿನ ಮೇಲೆ ಕೂತಾಗಲೇ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಅದೇ ಗುರುತಿನ ಪ್ರೋಟೀನ್ ಇಆರ್‌ನಲ್ಲಿದ್ದರೆ ಎಪಿ-2 ಅದನ್ನು ಮುಟ್ಟುವುದಿಲ್ಲ. ಗುರುತು ಇದ್ದರಷ್ಟೇ ಸಾಲದು, ಗುರುತು ಸರಿಯಾದ ಪೊರೆಯ ಮೇಲಿರಬೇಕು.

ಬಿಚ್ಚಿಕೊಂಡ ಎಪಿ-2 ಕ್ಲಾಥ್ರಿನ್ ಪ್ರೋಟೀನನ್ನು ಕರೆತರುತ್ತದೆ. ಮೂರು ಕಾಲಿನ ಕ್ಲಾಥ್ರಿನ್‌ಗಳು ಒಂದಕ್ಕೊಂದು ಹೆಣೆದುಕೊಂಡು ಪೊರೆಯನ್ನು ಗುಂಡಗೆ ಬಗ್ಗಿಸುತ್ತವೆ, ಕತ್ತಿನ ಜಾಗವನ್ನು ಡೈನಮಿನ್ ಹಿಸುಕಿ ಕತ್ತರಿಸುತ್ತದೆ. ಒಂದು ಕುಳಿ ಹುಟ್ಟಿ ಗುಳ್ಳೆಯಾಗಿ ಕಳಚಲು ಹೆಚ್ಚುಕಡಿಮೆ ಒಂದು ನಿಮಿಷ ಸಾಕು.

ಗುರುತಿನ ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಏನಾಗುತ್ತದೆ ಎಂದು ತೋರಿಸಿದ್ದು ಕೊಲೆಸ್ಟರಾಲ್. ಅಮೆರಿಕದ ಡಲ್ಲಾಸ್‌ನಲ್ಲಿ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ 1970ರ ದಶಕದಲ್ಲಿ ಎಲ್‌ಡಿಎಲ್ ರಿಸೆಪ್ಟರನ್ನು, ಅಂದರೆ ರಕ್ತದಲ್ಲಿ ಕೊಲೆಸ್ಟರಾಲ್ ಹೊತ್ತ ಎಲ್‌ಡಿಎಲ್ ಕಣವನ್ನು ಕೋಶದ ಮೇಲ್ಮೈಯಲ್ಲಿ ಹಿಡಿಯುವ ಪ್ರೋಟೀನನ್ನು ಗುರುತಿಸಿದರು, 1985ರಲ್ಲಿ ನೊಬೆಲ್ ಪಡೆದರು. ಅವರು ಅಧ್ಯಯನ ಮಾಡಿದ ಒಬ್ಬ ರೋಗಿಯ ಕೋಶಗಳಲ್ಲಿ ರಿಸೆಪ್ಟರ್ ಇತ್ತು, ಎಲ್‌ಡಿಎಲ್ ಕಣವನ್ನು ಹಿಡಿಯುತ್ತಲೂ ಇತ್ತು, ಆದರೆ ಒಳಗೆ ಬರುತ್ತಿರಲಿಲ್ಲ. ಬಾಲದ 807ನೇ ಜಾಗದಲ್ಲಿ ಟೈರೋಸಿನ್ ಇರಬೇಕಾದಲ್ಲಿ ಸಿಸ್ಟೀನ್ ಬಂದಿತ್ತು. ನನಗೆ ಇದಕ್ಕಿಂತ ಪಾಠ ಹೇಳುವಂಥದ್ದು ಅನ್ನಿಸುವುದು ಇದರ ಇನ್ನೊಂದು ಮಗ್ಗುಲು. ಎಲ್‌ಡಿಎಲ್ ರಿಸೆಪ್ಟರಿನ ಬಾಲವನ್ನು ಎಪಿ-2 ನೇರವಾಗಿ ಓದುವುದಿಲ್ಲ, ನಡುವೆ ಎಆರ್‌ಎಚ್ ಎಂಬ ಪ್ರೋಟೀನ್ ಬೇಕು. ಎಆರ್‌ಎಚ್ ಕೆಟ್ಟವರಲ್ಲಿ ರಿಸೆಪ್ಟರಿನ ವಂಶವಾಹಿ ಪೂರ್ತಿ ಸರಿಯಿದ್ದರೂ ಯಕೃತ್ತು ಎಲ್‌ಡಿಎಲ್ಲನ್ನು ಎಳೆದುಕೊಳ್ಳಲಾರದು, ರಕ್ತದಲ್ಲಿ ಕೊಲೆಸ್ಟರಾಲ್ ಏರುತ್ತದೆ. ಇಂಥ ವಂಶವಾಹಿ ದೋಷಗಳನ್ನು ಇಟಲಿಯ ಸಾರ್ಡೀನಿಯ ದ್ವೀಪದ ಕುಟುಂಬಗಳಲ್ಲಿ ಮೊದಲು ಬಿಡಿಸಿದ್ದು 2001ರಲ್ಲಿ. ಗುರುತು ಅಳಿಸಿದರೂ ಓದುವವ ಇಲ್ಲವಾದರೂ ಕಾಯಿಲೆಯ ಮುಖ ಒಂದೇ.

ಎಂಡೋಸೋಮ್‌ನ ಕವಲು

ಮೇಲ್ಮೈಯಿಂದ ಬಂದ ಗುಳ್ಳೆ ಎಂಡೋಸೋಮ್‌ಗೆ ಬೆಸೆದ ಮೇಲೆ ನಿಜವಾದ ವಿಂಗಡಣೆ. ಇಲ್ಲಿ ಮೊದಲ ಬೇರ್ಪಡಿಕೆ ಬರಿಯ ಆಕಾರದಿಂದಲೇ ಆಗುತ್ತದೆ. ಎಂಡೋಸೋಮ್ ಎಂದರೆ ಒಂದು ಉಬ್ಬಿದ ಚೀಲ, ಅದರಿಂದ ಹೊರಟ ಕೆಲವು ಸಪೂರ ಕೊಳವೆಗಳು. ದ್ರವದ ಬಹುಪಾಲು ಚೀಲದಲ್ಲಿರುತ್ತದೆ, ಪೊರೆಯ ಬಹುಪಾಲು ಕೊಳವೆಗಳಲ್ಲಿ. ಹೀಗಾಗಿ ಆಮ್ಲದಲ್ಲಿ ಸರಕನ್ನು ಬಿಟ್ಟುಕೊಟ್ಟ ರಿಸೆಪ್ಟರ್‌ಗೆ ಕೊಳವೆ ಸೇರಿ ಮರಳುವ ಸಾಧ್ಯತೆ ಹೆಚ್ಚು, ಬಿಡುಗಡೆಯಾದ ಸರಕಿಗೆ ಚೀಲದಲ್ಲೇ ಉಳಿದು ಲೈಸೋಸೋಮ್ ಸೇರುವ ಸಾಧ್ಯತೆ ಹೆಚ್ಚು. ಎಲ್‌ಡಿಎಲ್ ರಿಸೆಪ್ಟರ್ ಇಂಥ ಒಂದು ಸುತ್ತನ್ನು ಸುಮಾರು 10 ನಿಮಿಷದಲ್ಲಿ ಮುಗಿಸುತ್ತದೆ.

ಅರಗಬೇಕಾದದ್ದಕ್ಕೆ ಬೇರೆ ಗುರುತಿದೆ. ಅದು ಬಾಲದಲ್ಲಿ ಹುಟ್ಟಿನಿಂದ ಬಂದದ್ದಲ್ಲ, ಆಮೇಲೆ ಅಂಟಿಸಿದ್ದು: 76 ಅಮೈನೋ ಆಮ್ಲಗಳ ಯುಬಿಕ್ವಿಟಿನ್. ಎಸ್ಕಾರ್ಟ್ ಎಂಬ ಕೂಟಗಳ ಸರಣಿ ಇದನ್ನು ಹಿಡಿದು, ಪೊರೆಯನ್ನು ಚೀಲದ ಒಳಮುಖಕ್ಕೆ ಚಿಗುರಿಸಿ, ಸಣ್ಣ ಗುಳ್ಳೆಗಳಾಗಿ ಒಳಗೆ ಉದುರಿಸುತ್ತದೆ. ಒಮ್ಮೆ ಆ ಒಳಗುಳ್ಳೆ ಸೇರಿದರೆ ಸಾಮಾನ್ಯವಾಗಿ ಮರಳುವ ದಾರಿ ಇಲ್ಲ. ಬೆಳವಣಿಗೆಯ ಸಂಕೇತ ಹಿಡಿದ ಇಜಿಎಫ್ ರಿಸೆಪ್ಟರನ್ನು ಕೋಶ ಹೀಗೆಯೇ ಮುಗಿಸುತ್ತದೆ. ಮುಗಿಸದೆ ಮರಳಿ ಕಳಿಸುತ್ತಿದ್ದರೆ ಬೆಳೆ ಎಂಬ ಸಂಕೇತ ನಿಲ್ಲುತ್ತಲೇ ಇರಲಿಲ್ಲ. ಎಸ್ಕಾರ್ಟ್‌ನ ಕಥೆ ದೊಡ್ಡದು. ಎಚ್‌ಐವಿ ಕೂಡ ಕೋಶದಿಂದ ಕಳಚಿಕೊಳ್ಳಲು ಇದನ್ನೇ ಬಳಸುತ್ತದೆ. ಆದರೆ ಇಲ್ಲಿ ವಾಪಸಾಗುವ ದಾರಿಯನ್ನು ಹಿಡಿದು ಹೋಗೋಣ.

ಯೀಸ್ಟ್ ಹೇಳಿಕೊಟ್ಟದ್ದು

ವಾಪಸು ದಾರಿಯ ಮುಖ್ಯ ಕೂಟ ರೆಟ್ರೋಮರ್. ಅದು ಸಿಕ್ಕಿದ್ದು ಬ್ರೆಡ್ಡಿನ ಯೀಸ್ಟ್‌ನಲ್ಲಿ. ಯೀಸ್ಟಿನಲ್ಲಿ ಲೈಸೋಸೋಮ್‌ನ ಕೆಲಸ ಮಾಡುವುದು ವ್ಯಾಕ್ಯೂಲ್. ಅಲ್ಲಿಗೆ ಹೋಗಬೇಕಾದ ಕಿಣ್ವಗಳಲ್ಲಿ ಕಾರ್ಬಾಕ್ಸಿಪೆಪ್ಟಿಡೇಸ್ ವೈ, ಅಂದರೆ ಸಿಪಿವೈ, ಒಂದು. ಇದರ ಅನುಕೂಲ ಏನೆಂದರೆ ಎಲ್ಲಿದೆ ಎಂಬುದನ್ನು ತೂಕವೇ ಹೇಳುತ್ತದೆ: ಇಆರ್‌ನಲ್ಲಿ 67 ಕಿಲೋಡಾಲ್ಟನ್, ಗಾಲ್ಜಿಯಲ್ಲಿ ಸಕ್ಕರೆ ಸೇರಿ 69, ವ್ಯಾಕ್ಯೂಲ್‌ನಲ್ಲಿ ತುಂಡು ಕತ್ತರಿಸಿದ ಮೇಲೆ 61. ಪ್ರೋಟೀನ್‌ಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಜೆಲ್ ಮೇಲಿನ ಗೆರೆ ನೋಡಿದರೆ ಸಾಕು, ಸರಕು ಎಲ್ಲಿಯವರೆಗೆ ಹೋಗಿದೆ ಎಂದು ತಿಳಿಯುತ್ತದೆ.

1986ರಲ್ಲಿ ಸ್ಕಾಟ್ ಎಮರ್ ಅವರ ಗುಂಪು ಜಾಣತನದ ಒಂದು ಆಯ್ಕೆ ಕಟ್ಟಿತು. ಸುಕ್ರೋಸನ್ನು ಒಡೆಯುವ ಇನ್ವರ್ಟೇಸ್ ಕಿಣ್ವವನ್ನು ಸಿಪಿವೈಗೆ ಬೆಸೆದರು, ಸ್ವಂತ ಇನ್ವರ್ಟೇಸ್ ಇಲ್ಲದ ಯೀಸ್ಟಿಗೆ ಅದನ್ನು ಕೊಟ್ಟರು. ವಿಂಗಡಣೆ ಸರಿಯಿದ್ದರೆ ಬೆಸೆದ ಕಿಣ್ವ ವ್ಯಾಕ್ಯೂಲ್ ಸೇರುತ್ತದೆ, ಹೊರಗಿನ ಸುಕ್ರೋಸ್ ಒಡೆಯದೆ ಯೀಸ್ಟ್ ಬೆಳೆಯುವುದಿಲ್ಲ. ವಿಂಗಡಣೆ ಕೆಟ್ಟ ಯೀಸ್ಟ್ ಮಾತ್ರ ಕಿಣ್ವವನ್ನು ಹೊರಗೆ ಚೆಲ್ಲಿ, ಸುಕ್ರೋಸ್ ತಿಂದು ಬೆಳೆಯುತ್ತದೆ. ಸಾವಿರಾರು ಕೋಶಗಳಲ್ಲಿ ಕೆಟ್ಟದ್ದನ್ನು ಹುಡುಕುವ ಬದಲು ಕೆಟ್ಟದ್ದು ಮಾತ್ರ ಬದುಕುವಂತೆ ಮಾಡಿದರು. ಇದೇ ಕಾಲಕ್ಕೆ ಟಾಮ್ ಸ್ಟೀವನ್ಸ್ ಅವರ ಗುಂಪೂ ಬೇರೆ ದಾರಿಯಿಂದ ಇಂಥ ಯೀಸ್ಟ್‌ಗಳನ್ನು ಆರಿಸಿತು. ಎರಡೂ ಸೇರಿ 40ಕ್ಕೂ ಹೆಚ್ಚು ವಂಶವಾಹಿಗಳು ಸಿಕ್ಕವು. ಅವುಗಳಿಗೆ ವಿಪಿಎಸ್ ಎಂಬ ಹೆಸರು, ಪಕ್ಕದಲ್ಲೊಂದು ಸಂಖ್ಯೆ. ಸಂಖ್ಯೆಗೆ ಕೆಲಸದ ಸಂಬಂಧ ಏನೂ ಇಲ್ಲ. ಹಾಗಾಗಿ 26, 29, 35 ಎಂಬ ಅಂಕೆಗಳಲ್ಲಿ ಅರ್ಥ ಹುಡುಕುತ್ತ ಕೂರಬೇಕಾಗಿಲ್ಲ.

ಈ ಪೈಕಿ ವಿಪಿಎಸ್10 ಎಂಬುದು ಸಿಪಿವೈಯ ರಿಸೆಪ್ಟರ್. ಗಾಲ್ಜಿಯಲ್ಲಿ ಸಿಪಿವೈಯನ್ನು ಹಿಡಿದು ಎಂಡೋಸೋಮ್‌ನಲ್ಲಿ ಬಿಟ್ಟು ಗಾಲ್ಜಿಗೆ ಮರಳುತ್ತದೆ, ಮತ್ತೆ ಹಿಡಿಯುತ್ತದೆ. ವಿಪಿಎಸ್35, 29, 26 ಇವುಗಳಲ್ಲಿ ಯಾವುದು ಕೆಟ್ಟರೂ ವಿಪಿಎಸ್10 ಮರಳದೆ ವ್ಯಾಕ್ಯೂಲ್‌ಗೆ ಹೋಗಿ ಅರಗುತ್ತದೆ. ರಿಸೆಪ್ಟರ್ ಸಿಗದ ಸಿಪಿವೈ 69 ಕಿಲೋಡಾಲ್ಟನ್ನಿನ ರೂಪದಲ್ಲೇ ಕೋಶದ ಹೊರಗೆ ಚೆಲ್ಲುತ್ತದೆ. ಗಮನಿಸಿ, ಕೆಟ್ಟದ್ದು ವಾಪಸು ದಾರಿ, ಆದರೆ ಕಣ್ಣಿಗೆ ಕಂಡ ದೋಷ ಮುಂದಿನ ದಾರಿಯಲ್ಲಿ. 1998ರಲ್ಲಿ ಮ್ಯಾಥ್ಯೂ ಸೀಮನ್, ಎಮರ್ ಮತ್ತು ಸಂಗಡಿಗರು ಈ ಮೂರೂ ಪ್ರೋಟೀನ್‌ಗಳು ವಿಪಿಎಸ್5, ವಿಪಿಎಸ್17ರ ಜೊತೆ ಒಂದೇ ಕೂಟವಾಗಿವೆ ಎಂದು ತೋರಿಸಿ ರೆಟ್ರೋಮರ್ ಎಂದು ಹೆಸರಿಟ್ಟರು.

ರೆಟ್ರೋಮರ್‌ನ ಕಟ್ಟಡ

ನಡುವಿನ ಬೆನ್ನೆಲುಬು ವಿಪಿಎಸ್35. ಮನುಷ್ಯರಲ್ಲಿ ಇದಕ್ಕೆ 796 ಅಮೈನೋ ಆಮ್ಲ, ಸುಮಾರು 92 ಕಿಲೋಡಾಲ್ಟನ್. ಜೋಡಿಜೋಡಿ ಸುರುಳಿಗಳು ಒಂದರ ಪಕ್ಕ ಒಂದು ನಿಂತು ಬಾಗಿದ ಉದ್ದನೆಯ ಕೋಲಾಗಿದೆ. ಅದರ ಆರಂಭದ ತುದಿಗೆ ವಿಪಿಎಸ್26, ಕೊನೆಯ ತುದಿಗೆ ವಿಪಿಎಸ್29. ಮೂರೂ ಸೇರಿ ಸುಮಾರು 150 ಕಿಲೋಡಾಲ್ಟನ್. ಇದಕ್ಕೆ ಪೊರೆಯನ್ನು ಗಟ್ಟಿಯಾಗಿ ಹಿಡಿಯುವ ಶಕ್ತಿ ತಾನಾಗಿ ಇಲ್ಲ. ಅದನ್ನು ಪೊರೆಗೆ ತರುವವು ಬೇರೆ.

ಒಂದನೆಯದು ಸ್ವಿಚ್: ಬಲಿಯುತ್ತಿರುವ ಎಂಡೋಸೋಮ್‌ನ ಮೇಲಿನ ರ್‍ಯಾಬ್7. ಜಿಟಿಪಿ ಎಂಬ ಸಣ್ಣ ಅಣು ಕೂಡಿದಾಗ ಚಾಲೂ, ಅದು ಒಂದು ಫಾಸ್ಫೇಟ್ ಕಳೆದುಕೊಂಡು ಜಿಡಿಪಿಯಾದಾಗ ಬಂದ್. ಎರಡನೆಯದು ಪೊರೆಯ ಕೊಬ್ಬು: ವಿಪಿಎಸ್34 ಕಿಣ್ವ ಎಂಡೋಸೋಮ್‌ನ ಮೇಲೆ ಪಿಐ-3-ಪಿ ಎಂಬ ಕೊಬ್ಬನ್ನು ತಯಾರಿಸುತ್ತದೆ. ಮೂರನೆಯದು ಆ ಕೊಬ್ಬನ್ನು ಹಿಡಿಯುವ ಸಾರ್ಟಿಂಗ್ ನೆಕ್ಸಿನ್ ಪ್ರೋಟೀನ್‌ಗಳು. ಇವುಗಳಲ್ಲಿ ಕೆಲವಕ್ಕೆ ಬಾಗಿದ ಮೈ ಇದ್ದು, ಪೊರೆಯನ್ನು ಕೊಳವೆಯಾಗಿ ಬಗ್ಗಿಸುತ್ತವೆ. ನಾಲ್ಕನೆಯದು ಸರಕಿನ ಬಾಲ. ಇವುಗಳಲ್ಲಿ ಯಾವ ಒಂದು ಹಿಡಿತವೂ ಕೂಟವನ್ನು ಬಹಳ ಹೊತ್ತು ನಿಲ್ಲಿಸಿಕೊಳ್ಳುವಷ್ಟು ಬಲವಾದದ್ದಲ್ಲ. ಎಸ್‌ಎನ್‌ಎಕ್ಸ್3 ಎಂಬ ಸಾರ್ಟಿಂಗ್ ನೆಕ್ಸಿನ್ ಮತ್ತು ವಿಪಿಎಸ್26 ಸೇರಿದಲ್ಲಿ ಒಂದು ಸಂದು ಉಂಟಾಗುತ್ತದೆ. ಕಬ್ಬಿಣ ಸಾಗಿಸುವ ಡಿಎಂಟಿ1 ಪ್ರೋಟೀನಿನ ಬಾಲ ಕೂರುವುದು ಆ ಸಂದಿನಲ್ಲಿ. ಅಂದರೆ ಎರಡೂ ಬಂದು ಸೇರುವವರೆಗೆ ಬಾಲಕ್ಕೆ ಕೂರುವ ಜಾಗವೇ ಇಲ್ಲ. ತಪ್ಪು ಪೊರೆಯ ಮೇಲೆ ತಪ್ಪು ಸರಕು ಹಿಡಿಯದಂತೆ ಕಾಯುವುದು ಈ ಏರ್ಪಾಡು.

ಇನ್ನೊಂದು ಸಾರ್ಟಿಂಗ್ ನೆಕ್ಸಿನ್ ಎಸ್‌ಎನ್‌ಎಕ್ಸ್27ರದು ಸ್ವಲ್ಪ ಬೇರೆ. ಇದರಲ್ಲಿ ಪಿಡಿಜೆಡ್ ಎಂಬ ಭಾಗವಿದೆ. ಅದು ಪ್ರೋಟೀನಿನ ಕಟ್ಟಕಡೆಯ ಕೆಲವು ಅಮೈನೋ ಆಮ್ಲಗಳನ್ನು, ಅವು ತುದಿಯಲ್ಲೇ ಇದ್ದರೆ ಮಾತ್ರ ಹಿಡಿಯುತ್ತದೆ. ವಿಪಿಎಸ್26 ಪಕ್ಕಕ್ಕೆ ಬಂದು ಕೂತರೆ ಆ ಹಿಡಿತ ಇನ್ನೂ ಬಿಗಿಯಾಗುತ್ತದೆ. ಗ್ಲೂಕೋಸ್ ಒಳತರುವ ಗ್ಲೂಟ್1, ಆಸ್ತಮಾದ ಸಾಲ್ಬ್ಯುಟಮಾಲ್ ಕೆಲಸ ಮಾಡುವ ಬೀಟಾ-2 ಅಡ್ರಿನರ್ಜಿಕ್ ರಿಸೆಪ್ಟರ್, ಎರಡೂ ಎಂಡೋಸೋಮ್‌ನಿಂದ ಮೇಲ್ಮೈಗೆ ಮರಳುವುದು ಇದರಿಂದ.

2018ರಲ್ಲಿ ಕ್ರಯೋ ಎಲೆಕ್ಟ್ರಾನ್ ಟೋಮೋಗ್ರಫಿಯ, ಅಂದರೆ ಹೆಪ್ಪುಗಟ್ಟಿಸಿದ ಮಾದರಿಯನ್ನು ಹಲವು ಕೋನಗಳಿಂದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರಗಳು ರೆಟ್ರೋಮರ್‌ನ ರಚನೆಯನ್ನು ಕಣ್ಣಿಗೆ ಕಟ್ಟಿದವು. ಬಿಸಿಯಲ್ಲಿ ಬೆಳೆಯುವ ಕೀಟೋಮಿಯಂ ಎಂಬ ಶಿಲೀಂಧ್ರದ ಪ್ರೋಟೀನ್‌ಗಳನ್ನು ಬಳಸಿದ ಆ ಪ್ರಯೋಗದಲ್ಲಿ ಪೊರೆಯ ಕೊಳವೆಯ ಸುತ್ತ ಸಾರ್ಟಿಂಗ್ ನೆಕ್ಸಿನ್‌ಗಳ ಹೊದಿಕೆ, ಅದರ ಮೇಲೆ ವಿಪಿಎಸ್35ಗಳು ಎರಡೆರಡಾಗಿ ತಲೆ ಕೂಡಿಸಿದ ಕಮಾನುಗಳು ಕಂಡವು. ಬುಡದಲ್ಲಿ ವಿಪಿಎಸ್26, ತುದಿಯಲ್ಲಿ ವಿಪಿಎಸ್29. ವಿಪಿಎಸ್29 ಪೊರೆಯಿಂದ ದೂರ, ಹೊರಗೆ ಒಡ್ಡಿಕೊಂಡಿರುವುದಕ್ಕೂ ಅರ್ಥವಿದೆ. ರ್‍ಯಾಬ್7ನ ಸ್ವಿಚ್ ಬಂದ್ ಮಾಡುವ ಟಿಬಿಸಿ1ಡಿ5 ಬಂದು ಕೂರುವುದು ಅಲ್ಲೇ. ಲೆಜಿಯೊನೆಲ್ಲಾ ಬ್ಯಾಕ್ಟೀರಿಯಾ ರೆಟ್ರೋಮರನ್ನು ತಡೆಯಲು ಕಳಿಸುವ ರಿಡ್‌ಎಲ್ ಪ್ರೋಟೀನ್ ಅಂಟುವುದೂ ಅದೇ ಜಾಗಕ್ಕೆ.

ಕೊಳವೆ ಆದರೆ ಸಾಲದು, ಕಳಚಬೇಕು. ಅದಕ್ಕೆ ವಾಶ್ ಎಂಬ ಐದು ಭಾಗಗಳ ಕೂಟ ಕೋಶದ ಹಂದರದ ಆಕ್ಟಿನ್ ನಾರುಗಳನ್ನು ಕವಲೊಡೆದು ಬೆಳೆಸುತ್ತದೆ. ವಾಶ್‌ನ ಉದ್ದನೆಯ ಬಾಲ ಹಿಡಿಯುವುದು ವಿಪಿಎಸ್35ನ ಕೊನೆಯ ಭಾಗವನ್ನು.

ಸಸ್ತನಿಗಳಲ್ಲಿ ಒಂದು ತಿದ್ದುಪಡಿ ಬೇಕು. ಯೀಸ್ಟಿನ ಐದು ಪ್ರೋಟೀನ್‌ಗಳ ಕೂಟ ಸಸ್ತನಿಗಳಲ್ಲಿ ಎರಡಾಗಿ ಒಡೆದಿದೆ. ಬಾಗಿದ ಮೈಯ ಸಾರ್ಟಿಂಗ್ ನೆಕ್ಸಿನ್‌ಗಳು ಕೆಲವು ಸರಕುಗಳನ್ನು ರೆಟ್ರೋಮರ್‌ನ ನೆರವಿಲ್ಲದೆ ತಾವೇ ಹಿಡಿಯುತ್ತವೆ ಎಂದು 2017ರಲ್ಲಿ ತಿಳಿದುಬಂತು. ಇನ್ನೊಂದು ದೊಡ್ಡ ಕೂಟ ಕಮಾಂಡರ್, 16 ಭಾಗಗಳದ್ದು. ಎಲ್‌ಡಿಎಲ್ ರಿಸೆಪ್ಟರ್ ಮರಳುವುದು ಇದರ ನೆರವಿನಿಂದ. ಹಳೆಯ ಪುಸ್ತಕಗಳಲ್ಲಿ ವಾಪಸು ಕಳಿಸುವ ಎಲ್ಲ ಕೆಲಸ ರೆಟ್ರೋಮರ್‌ನದು ಎಂದಿದ್ದರೆ ಅದನ್ನು ತಿದ್ದಿಕೊಂಡೇ ಓದಬೇಕು.

ಕೆಡುವುದು ಹೇಗೆ

ರೆಟ್ರೋಮರ್ ಪೂರ್ತಿ ಇಲ್ಲದ ಇಲಿ ಭ್ರೂಣದಲ್ಲೇ ಸಾಯುತ್ತದೆ. ಮನುಷ್ಯರಲ್ಲಿ ಕಾಣುವುದು ಕೂಟ ಉಳಿದು ಒಂದು ಹಿಡಿತ ಸಡಿಲವಾದ ಸ್ಥಿತಿ. 2011ರಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯದ ಕುಟುಂಬಗಳಲ್ಲಿ ಪಾರ್ಕಿನ್ಸನ್ ಕಾಯಿಲೆಗೆ ವಿಪಿಎಸ್35ನ 620ನೇ ಜಾಗದ ಬದಲಾವಣೆ ಕಾರಣ ಎಂದು ಎರಡು ಗುಂಪುಗಳು ಬೇರೆಬೇರೆಯಾಗಿ ಕಂಡುಕೊಂಡವು. ಅಲ್ಲಿ ಆಸ್ಪಾರ್ಟೇಟ್ ಇರಬೇಕಾದಲ್ಲಿ ಆಸ್ಪರಜಿನ್. ಮೂರು ಪ್ರೋಟೀನ್‌ಗಳೂ ಸೇರುತ್ತವೆ, ಎಂಡೋಸೋಮ್‌ಗೂ ಹೋಗುತ್ತವೆ. ಆದರೆ ವಾಶ್ ಜೊತೆಗಿನ ಹಿಡಿತ ಕಡಿಮೆಯಾಗುತ್ತದೆ, ಪಾರ್ಕಿನ್ಸನ್‌ನ ಇನ್ನೊಂದು ವಂಶವಾಹಿಯಾದ ಎಲ್‌ಆರ್‌ಆರ್‌ಕೆ2ನ ಕಿಣ್ವಶಕ್ತಿ ಹೆಚ್ಚುತ್ತದೆ. ಕಾಯಿಲೆ ಶುರುವಾಗುವುದು ನಡುವಯಸ್ಸು ದಾಟುವ ಹೊತ್ತಿಗೆ. ಇಷ್ಟು ತಡವಾಗಿ ಯಾಕೆ ಎಂಬುದಕ್ಕೆ ಹಿಂದೆ ಹೇಳಿದ ಮಾತಿನಲ್ಲೇ ಸುಳಿವಿದೆ: ಹಲವು ಹಿಡಿತಗಳಲ್ಲಿ ಒಂದು ಸಡಿಲವಾದರೆ ಉಳಿದವು ಕೆಲಸ ನಡೆಸುತ್ತವೆ, ಕೊರತೆ ಸಣ್ಣದು. ಆದರೆ ನರಕೋಶ ವಿಭಜನೆಯಾಗಿ ಹೊಸದಾಗುವುದಿಲ್ಲ, ಸಣ್ಣ ಕೊರತೆಯೂ ದಶಕಗಟ್ಟಲೆ ಅದೇ ಕೋಶದ ಮೇಲೆ ಬೀಳುತ್ತದೆ.

ಆಲ್ಜೈಮರ್ ಕಾಯಿಲೆಯಲ್ಲಿ ಬರುವ ಹೆಸರು ಸಾರ್ಲಾ. ಇದು ವಿಪಿಎಸ್10ನ ಬಳಗಕ್ಕೇ ಸೇರಿದ ರಿಸೆಪ್ಟರ್. ಮಿದುಳಿನ ಎಪಿಪಿ ಪ್ರೋಟೀನನ್ನು ಹಿಡಿದು ರೆಟ್ರೋಮರ್‌ನ ನೆರವಿನಿಂದ ಎಂಡೋಸೋಮ್‌ನಿಂದ ಈಚೆಗೆ ತರುತ್ತದೆ. ಎಪಿಪಿ ಎಂಡೋಸೋಮ್‌ನಲ್ಲೇ ಉಳಿದಷ್ಟೂ ಅದನ್ನು ಕತ್ತರಿಸಿ, ಈ ಕಾಯಿಲೆಯಲ್ಲಿ ಮಿದುಳಿನಲ್ಲಿ ಶೇಖರವಾಗುವ ಅಮಿಲಾಯ್ಡ್ ತುಂಡು ಮಾಡುವ ಕಿಣ್ವಕ್ಕೆ ಅವಕಾಶ ಹೆಚ್ಚು.

ವಾಪಸು ದಾರಿಯನ್ನು ನೇರವಾಗಿ ಗುರಿಯಿಟ್ಟು ಈಗಾಗಲೇ ಕೈಗೆ ಬಂದ ಔಷಧವೆಂದರೆ ಕೊಲೆಸ್ಟರಾಲ್‌ನದು. ಪಿಸಿಎಸ್‌ಕೆ9 ಎಂಬ ಪ್ರೋಟೀನ್ ಎಲ್‌ಡಿಎಲ್ ರಿಸೆಪ್ಟರ್‌ಗೆ ಹೊರಗಿನಿಂದ ಅಂಟುತ್ತದೆ. ಎಂಡೋಸೋಮ್‌ನ ಆಮ್ಲದಲ್ಲಿ ಎಲ್‌ಡಿಎಲ್ ಕಳಚಿದರೂ ಪಿಸಿಎಸ್‌ಕೆ9 ಇನ್ನೂ ಬಿಗಿಯಾಗುತ್ತದೆ, ರಿಸೆಪ್ಟರ್ ಮರಳದೆ ಲೈಸೋಸೋಮ್‌ಗೆ ಹೋಗುತ್ತದೆ. ಪಿಸಿಎಸ್‌ಕೆ9ನ್ನು ತಡೆಯುವ ಪ್ರತಿಕಾಯ ಔಷಧಗಳು 2015ರಲ್ಲಿ ಬಳಕೆಗೆ ಬಂದವು. ಅವು ಹೊಸ ರಿಸೆಪ್ಟರ್ ತಯಾರಿಸುವುದಿಲ್ಲ. ಇರುವ ರಿಸೆಪ್ಟರ್ ಇನ್ನಷ್ಟು ಸುತ್ತು ತಿರುಗುವಂತೆ ಮಾಡುತ್ತವೆ.

ಭತ್ತದ ಕಾಳಿನಲ್ಲಿ

ಈ ಕೂಟಗಳು ಪ್ರಾಣಿಗಳ ಸ್ವತ್ತಲ್ಲ. ಕುಮಟಾದ ಅಘನಾಶಿನಿ ಅಳಿವೆಯ ಉಪ್ಪುನೀರಿನ ಗಜನಿ ಗದ್ದೆಯಲ್ಲಿ ಬೆಳೆಯುವ ಕಗ್ಗ ಭತ್ತವಿರಲಿ, ಗದ್ದೆಯ ಬೇರೆ ಭತ್ತವಿರಲಿ, ಕಾಳು ತುಂಬುವಾಗ ಇದೇ ಲೆಕ್ಕ. ಅಕ್ಕಿಯ ಪ್ರೋಟೀನಿನಲ್ಲಿ ಶೇ. 60ರಿಂದ 80 ಗ್ಲುಟೆಲಿನ್. ಅದು ಗಾಲ್ಜಿಯ ಮೂಲಕ ವ್ಯಾಕ್ಯೂಲ್‌ಗೆ ಹೋಗಿ ಶೇಖರವಾಗುತ್ತದೆ. ಪ್ರೋಲಮಿನ್ ಎಂಬ ಇನ್ನೊಂದು ಇಆರ್‌ನಲ್ಲೇ ಉಂಡೆಗಟ್ಟುತ್ತದೆ. ಅರಾಬಿಡಾಪ್ಸಿಸ್ ಗಿಡದಲ್ಲಿ ವಿಪಿಎಸ್29 ಕೆಟ್ಟಾಗ ಬೀಜದ ಶೇಖರಣಾ ಪ್ರೋಟೀನನ್ನು ವ್ಯಾಕ್ಯೂಲ್‌ಗೆ ಒಯ್ಯುವ ರಿಸೆಪ್ಟರ್ ಮರಳದೆ, ಪ್ರೋಟೀನ್ ಬಲಿಯದ ರೂಪದಲ್ಲೇ ಉಳಿದದ್ದನ್ನು 2006ರಲ್ಲಿ ತೋರಿಸಿದರು. ಯೀಸ್ಟಿನ ಸಿಪಿವೈ ಹೊರಗೆ ಚೆಲ್ಲಿದ ದೋಷವೂ ಇದೂ ಬುಡದಲ್ಲಿ ಒಂದೇ. ಉಪ್ಪಿನ ವಿಷಯದಲ್ಲೂ ಪೊರೆಯ ಪ್ರೋಟೀನ್ ಜಾಗ ಸೇರಿರಬೇಕು. ಭತ್ತದ ಕೋಶ ಹೆಚ್ಚಾದ ಸೋಡಿಯಂ ಅನ್ನು ವ್ಯಾಕ್ಯೂಲ್‌ನೊಳಗೆ ತಳ್ಳುವುದು ಎನ್‌ಎಚ್‌ಎಕ್ಸ್1 ಪ್ರೋಟೀನಿನಿಂದ, ಅದು ಕೂರಬೇಕಾದದ್ದು ವ್ಯಾಕ್ಯೂಲ್‌ನ ಪೊರೆಯಲ್ಲಿ. ತಯಾರಾಗುವುದು ಇಆರ್‌ನಲ್ಲಿ.

ಪ್ರಯೋಗದಲ್ಲಿ ಎಡವುವ ಜಾಗಗಳು

ಎಂಎಸ್ಸಿ ಯೋಜನೆಗೆ, ಪಿಎಚ್‌ಡಿಗೆ ಈ ವಿಷಯ ಹಿಡಿಯುವವರಿಗೆ ಕೆಲವು ಮಾತು ಮೊದಲೇ ಗೊತ್ತಿದ್ದರೆ ವರ್ಷ ಉಳಿಯುತ್ತದೆ.

ಹೊಳೆಯುವ ಜಿಎಫ್‌ಪಿ ಪ್ರೋಟೀನನ್ನು ಸರಕಿನ ಯಾವ ತುದಿಗೆ ಬೆಸೆಯುತ್ತೀರಿ ಎಂಬುದು ಮೊದಲನೆಯದು. ಬೀಟಾ-2 ಅಡ್ರಿನರ್ಜಿಕ್ ರಿಸೆಪ್ಟರಿನ ಕೊನೆಯ ತುದಿಗೆ ಒಂದೇ ಒಂದು ಅಲನಿನ್ ಸೇರಿಸಿದರೂ ಅದು ಮರಳದೆ ಲೈಸೋಸೋಮ್‌ಗೆ ಹೋಗುತ್ತದೆ ಎಂದು 1999ರಲ್ಲೇ ತೋರಿಸಿದ್ದಾರೆ. ಅಲ್ಲಿ 238 ಅಮೈನೋ ಆಮ್ಲಗಳ ಜಿಎಫ್‌ಪಿ ಹಾಕಿದರೆ ಪಿಡಿಜೆಡ್‌ಗೆ ಹಿಡಿಯಲು ತುದಿಯೇ ಉಳಿಯುವುದಿಲ್ಲ. ಇಂಥ ಸರಕಿಗೆ ಗುರುತು ಹಾಕುವುದಿದ್ದರೆ ಹೊರಮೈಯ ತುದಿಗೆ ಹಾಕಬೇಕು.

ಸಣ್ಣ ಆರ್‌ಎನ್‌ಎಯಿಂದ ತಯಾರಿಕೆ ತಡೆದು ವಿಪಿಎಸ್35ನ್ನು ಇಲ್ಲವಾಗಿಸಿದರೆ ಜೊತೆಗಾರ ಇಲ್ಲದ ವಿಪಿಎಸ್26, ವಿಪಿಎಸ್29 ಕೂಡ ಕಡಿಮೆಯಾಗುತ್ತವೆ. ಪ್ರತಿಕಾಯದಿಂದ ಪ್ರೋಟೀನ್ ಗುರುತಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಮೂರೂ ಗೆರೆ ಮಸುಕಾದರೆ ಆ ಆರ್‌ಎನ್‌ಎ ತಪ್ಪು ಗುರಿಗೆ ಬಿದ್ದಿತೆಂದು ಗಾಬರಿಯಾಗಬೇಕಿಲ್ಲ. ಹಾಗೆಯೇ ವಿಪಿಎಸ್35 ಒಂದನ್ನೇ ಹೆಚ್ಚಾಗಿ ತಯಾರಿಸಿದರೆ ಹೆಚ್ಚು ರೆಟ್ರೋಮರ್ ಸಿಗುವುದಿಲ್ಲ, ಉಳಿದೆರಡು ಇದ್ದಷ್ಟೇ ಕೂಟ ಕಟ್ಟುತ್ತದೆ.

ಮರಳುವಿಕೆಯನ್ನು ಅಳೆಯುವಾಗ ತಂಪು ನಿಮ್ಮ ಗಡಿಯಾರ. ಮಂಜುಗಡ್ಡೆಯ ಮೇಲೆ 4 ಡಿಗ್ರಿಯಲ್ಲಿ ಪ್ರತಿಕಾಯ ಅಥವಾ ಹೊಳೆಯುವ ಟ್ರಾನ್ಸ್‌ಫೆರಿನ್ (ರಕ್ತದಲ್ಲಿ ಕಬ್ಬಿಣ ಒಯ್ಯುವ ಪ್ರೋಟೀನ್) ತನ್ನ ರಿಸೆಪ್ಟರ್‌ಗೆ ಅಂಟುತ್ತದೆ, ಒಳಗೆ ಹೋಗುವುದಿಲ್ಲ. ತೊಳೆದು 37 ಡಿಗ್ರಿಗೆ ತಂದ ಕ್ಷಣದಿಂದ ಎಲ್ಲವೂ ಒಟ್ಟಿಗೆ ಹೊರಡುತ್ತವೆ. 5, 10, 20, 30 ನಿಮಿಷಕ್ಕೆ ಒಂದೊಂದು ತಟ್ಟೆಯನ್ನು ಮತ್ತೆ ಮಂಜಿಗಿಟ್ಟು, ಮೇಲ್ಮೈಯಲ್ಲಿ ಉಳಿದದ್ದನ್ನು ಆಮ್ಲೀಯ ದ್ರಾವಣದಿಂದ ತೊಳೆದು, ಒಳಗಿನದನ್ನು ಮಾತ್ರ ಎಣಿಸಬೇಕು. ಟ್ರಾನ್ಸ್‌ಫೆರಿನ್‌ಗೆ ಬರಿಯ ಆಮ್ಲ ಸಾಲದು. ಕಬ್ಬಿಣ ಬಿಟ್ಟ ಟ್ರಾನ್ಸ್‌ಫೆರಿನ್ ಆಮ್ಲದಲ್ಲಿ ರಿಸೆಪ್ಟರನ್ನು ಬಿಡುವುದಿಲ್ಲ, ಪಿಎಚ್ 7.4ಕ್ಕೆ ಮರಳಿದಾಗಲೇ ಬಿಡುತ್ತದೆ. ಆದ್ದರಿಂದ ಆಮ್ಲದ ನಂತರ ತಟಸ್ಥ ದ್ರಾವಣದಲ್ಲೂ ತೊಳೆಯಬೇಕು. ಈ ಎರಡನೇ ತೊಳೆತ ಮರೆತರೆ ಒಳಗೆ ಹೋದದ್ದು ಎಂದು ಎಣಿಸಿದ್ದರಲ್ಲಿ ಹೊರಗಿನದೂ ಸೇರಿರುತ್ತದೆ.

ಎರಡು ಬಣ್ಣದ ಚುಕ್ಕೆ ಒಂದರ ಮೇಲೊಂದು ಬಿದ್ದ ಮಾತ್ರಕ್ಕೆ ಎರಡೂ ಒಂದೇ ಕೊಳವೆಯಲ್ಲಿವೆ ಎಂದಾಗುವುದಿಲ್ಲ. ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕ 200ರಿಂದ 250 ನ್ಯಾನೋಮೀಟರ್‌ಗಿಂತ ಹತ್ತಿರದ್ದನ್ನು ಬೇರ್ಪಡಿಸಲಾರದು. ಕೊಳವೆಯ ದಪ್ಪ ಅದರ ಐದರಲ್ಲೊಂದು ಪಾಲಿನ ಆಸುಪಾಸು. ಚೀಲದಲ್ಲಿ ಉಳಿದದ್ದೂ ಕೊಳವೆಗೆ ಹೊರಟದ್ದೂ ಒಂದೇ ಚುಕ್ಕೆಯಾಗಿ ಕಾಣುತ್ತವೆ.

ಕೊನೆಯದು ಕಾಲದ ಪ್ರಶ್ನೆ. ಆರ್‌ಎನ್‌ಎ ತಡೆ ಹಾಕಿ ಮೂರು ದಿನ ಕಾಯುವಷ್ಟರಲ್ಲಿ ಲೈಸೋಸೋಮ್ ಉಬ್ಬಿರುತ್ತದೆ, ಬೇರೆ ದಾರಿಗಳು ಹೊಂದಿಕೊಂಡಿರುತ್ತವೆ. ಕಂಡದ್ದು ಕೂಟದ ನೇರ ಕೆಲಸವೋ ಮೂರು ದಿನದ ಪರಿಣಾಮವೋ ಹೇಳಲಾಗದು. ಕೇಂಬ್ರಿಜ್‌ನ ಮಾರ್ಗರೆಟ್ ರಾಬಿನ್ಸನ್ ಅವರ ಗುಂಪು 2010ರಲ್ಲಿ ಇದಕ್ಕೊಂದು ಉಪಾಯ ಕೊಟ್ಟಿತು. ಎಪಿ ಕೂಟದ ಒಂದು ಭಾಗಕ್ಕೂ ಮೈಟೋಕಾಂಡ್ರಿಯದ ಪೊರೆಗೂ ರ್‍ಯಾಪಮೈಸಿನ್ ಎಂಬ ಔಷಧ ಇದ್ದಾಗ ಮಾತ್ರ ಒಂದನ್ನೊಂದು ಹಿಡಿಯುವ ತುಂಡುಗಳನ್ನು ಬೆಸೆದರು. ರ್‍ಯಾಪಮೈಸಿನ್ ಹಾಕಿದ ಕೆಲವೇ ನಿಮಿಷಗಳಲ್ಲಿ ಕೂಟ ಪೂರ್ತಿ ಮೈಟೋಕಾಂಡ್ರಿಯಕ್ಕೆ ಎಳೆದುಕೊಂಡು ಹೋಗಿ ಅಂಟುತ್ತದೆ. ಕೂಟ ನಾಶವಾಗಿಲ್ಲ, ಜಾಗ ತಪ್ಪಿದೆ ಅಷ್ಟೆ. ಆ ಮೊದಲ ನಿಮಿಷಗಳಲ್ಲಿ ದಾರಿ ತಪ್ಪಿದ ಸರಕನ್ನು ಆ ಕೂಟದ ನೇರ ಹೊಣೆ ಎಂದು ಹೇಳಬಹುದು.